ಸ್ಟಾಪಿನ ತನಕ ಒಂದು ಡ್ರಾಪ್

ಮೊನ್ನೆ ಹುಣಸೂರಿನಿಂದ ಕೆ.ಆರ್. ನಗರದ ಕಡೆಗೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಕಟ್ಟೆಮಳಲವಾಡಿ ದಾಟಿದ ಮೇಲೆ ಒಬ್ಬ ಅಜ್ಜಿ ರಸ್ತೆಯ ಅರ್ಧಕ್ಕೇ ಬಂದು ಕೈ ಅಡ್ಡ ಹಾಕಿದರು. ಗಾಬರಿಯಿಂದ ಬ್ರೇಕ್ ಹಿಡಿದೆ. ಬೈಯೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಆಕೆ ನನ್ನ ಹೆಗಲು ಹಿಡಿದು ಹಿಂದಿನ ಸೀಟಿಗೆ ಏರಿಯಾಗಿತ್ತು. ಮಡಿಲಲ್ಲಿ ಒಂದು ಸಿಹಿಗುಂಬಳ.

“ಒಂದ್ ಡ್ರಾಪ್ ಕೊಡವ್ವ,” ಅಂದರು, ಕೂತ ಮೇಲೆ.

ಎರಡನೇ ಹೆಲ್ಮೆಟ್ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಕೊಡಲು ಹೋದೆ. “ನಂಗ್ಯಾಕವ್ವ ಅದು, ತಲೇಲಿ ಹೂವ ಐತೆ, ನಲುಗೋಯ್ತದೆ. ಬೇಕಾರೆ ಈ ಕಾಯಿಗಾಕು,” ಅಂದರು. ಹಾಗಾಗಿ ನಾವು ಮೂರು ಜನ ಹೊರಟೆವು. ಹೆಲ್ಮೆಟ್ ಹಾಕಿಕೊಂಡಿದ್ದವರು ನಾನು ಮತ್ತು ಕುಂಬಳಕಾಯಿ.

“ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವಾ ಅಜ್ಜಿ, ಗಾಡಿಗೆ ಯಾಕೆ ಕಾಯ್ತಾ ನಿಂತಿದ್ರಿ?” ಅಂತ ಕೇಳಿದೆ.

“ಫ್ರೀನೇ ಕಣವ್ವ. ಆದ್ರೆ ಬಸ್ನೋರು ಸ್ಟಾಪಲ್ಲಿ ಇಳಿಸ್ಬುಡ್ತಾರೆ. ನೀನಾದ್ರೆ ಮಗಳ ಮನೆ ಬಾಗ್ಲುಗಂಟ ಬತ್ತೀಯ.”

ನಾನು ಹಾಗೇನೂ ಮಾತು ಕೊಟ್ಟಿರಲಿಲ್ಲ. ಆದರೂ ಮುಖ್ಯ ರಸ್ತೆ ಬಿಟ್ಟು, ಒಂದು ಕೆರೆ ಏರಿ ದಾಟಿ, ಕೊಟ್ಟಿಗೆ ಪಕ್ಕದ ಸಂದಿಯಲ್ಲಿ ನುಗ್ಗಿ, ಮಗಳ ಮನೆ ಬಾಗಿಲಿಗೇ ಹೋದೆ. ಅಜ್ಜಿ ಇಳಿದು, ಹೆಲ್ಮೆಟ್ ವಾಪಸ್ ಕೊಟ್ಟು, ಹಿಂದಕ್ಕೆ ತಿರುಗಿ ನೋಡದೆ ಒಳಗೆ ನಡೆದರು. “ಯಾರವ್ವ ಬಂದಿದ್ದು?” ಅಂತ ಮಗಳ ದನಿ. “ಯಾರೋ ಪಾಪ, ಡ್ರಾಪ್ ಕೊಟ್ಟೋದ್ಲು,” ಅಂತ ಅಜ್ಜಿ. ಆ ಸಂದಿಯಲ್ಲಿ ಗಾಡಿ ತಿರುಗಿಸಲು ಒದ್ದಾಡುತ್ತಿದ್ದವಳಿಗೆ ಆ ಮಾತು ಕೇಳಿ ನಗು ಬಂತು. ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ನಗು ಹೋಗಿ ಅಣ್ಣಯ್ಯನ ನೆನಪು ಬಂದಿತ್ತು.

ಡ್ರಾಪ್ ಅನ್ನುವ ಈ ಇಂಗ್ಲಿಷ್ ಕ್ರಿಯಾಪದ ನಮ್ಮ ಕಡೆಗೆ ಯಾವಾಗ ಬಂತೋ ನಾನು ಕಾಣೆ. ಯಾರದೋ ಗಾಡಿಯ ಹಿಂದಿನ ಸೀಟಿನಲ್ಲಿ ಕೂತೇ ಬಂದಿರಬೇಕು. ಬಂದದ್ದು ಇಳಿಯಲೇ ಇಲ್ಲ. ನಾನು ಪ್ರೈಮರಿ ಶಾಲೆಯ ಮಿಸ್ಸು. ಗಣಿತದಿಂದ ಹಿಡಿದು ಇಂಗ್ಲಿಷಿನವರೆಗೆ ಎಲ್ಲವನ್ನೂ ಒಬ್ಬಳೇ ಹೇಳಿಕೊಡುವವಳು. ಒಂದು ದಿನ ಪಾಠದಲ್ಲಿ, ಒಬ್ಬಳು ಹೆಂಗಸು ಮಡಕೆಯನ್ನು ಡ್ರಾಪ್ ಮಾಡಿದಳು ಅಂತ ಬಂತು. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತು, “ಎಲ್ಲಿಗೆ ಮಿಸ್?” ಅಂತ ಕೇಳಿದಳು. ಬೀಳಿಸುವುದು ಅಂತ ಅರ್ಥ ಕಣೇ ಅಂದೆ. ಅವಳು ನಂಬಲಿಲ್ಲ. ಅವಳಪ್ಪ ದಿನಾ ಬೆಳಿಗ್ಗೆ ಅವಳನ್ನು ಶಾಲೆಗೆ ಡ್ರಾಪ್ ಮಾಡುತ್ತಾನೆ, ಒಂದು ದಿನವೂ ಬೀಳಿಸಿಲ್ಲ. ಇಡೀ ತರಗತಿ ಅವಳ ಪರವಾಗಿ ನಿಂತಿತು. ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಅವಳ ಪರವೇ ಇತ್ತು.

ನಮ್ಮಲ್ಲಿ ಡ್ರಾಪನ್ನು ಕೊಡುತ್ತಾರೆ, ಕೇಳುತ್ತಾರೆ, ತಗೊಳ್ಳುತ್ತಾರೆ, ಡ್ರಾಪಿಗೆಂದೇ ಅರಳೀಕಟ್ಟೆಯ ಮುಂದೆ ನಿಂತಿರುತ್ತಾರೆ. ಬೀಗರೂಟಕ್ಕೆ ಹೋದರೆ ಎಲೆಯ ಮುಂದೆ ಕೂರುವ ಮೊದಲೇ ಯಾರ ಗಾಡಿಯಲ್ಲಿ ಡ್ರಾಪು ಅಂತ ಗೊತ್ತು ಮಾಡಿಕೊಂಡಿರುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ವೀರನಹೊಸಹಳ್ಳಿ ಕಡೆಯ ಶಾಲೆಗೆ ಹಾಕಿದ್ದರು. ಕಾಡಂಚಿನ ಆ ರಸ್ತೆಯಲ್ಲಿ ಸಂಜೆ ನಡೆದು ಹೋಗುವ ಹಾಗಿರಲಿಲ್ಲ. ಫಾರೆಸ್ಟ್ ಗೇಟಿನ ಗಾರ್ಡು ಬಂದ ಗಾಡಿಯನ್ನೆಲ್ಲ ತಡೆದು, “ನಮ್ ಮಿಸ್ಸುಗೆ ಒಂದ್ ಡ್ರಾಪ್ ಕೊಡ್ರಿ, ಆನೆ ಐತೆ,” ಅನ್ನುತ್ತಿದ್ದ. ಕೇಳುವುದು ಅಂತಲೂ ಇಲ್ಲ, ಅದು ಆರ್ಡರು. ಅವನ ದೆಸೆಯಿಂದ ನಾನು ಬಾಳೆಗೊನೆಯ ಮೇಲೆ ಕೂತು ಬಂದಿದ್ದೇನೆ, ಶಾಮಿಯಾನದ ಕಂಬಗಳ ನಡುವೆ ನಿಂತು ಬಂದಿದ್ದೇನೆ, ಒಂದು ಸಲ ಬ್ಯಾಂಡ್‌ಸೆಟ್ಟಿನವರ ವ್ಯಾನಿನಲ್ಲಿ ಮಡಿಲಲ್ಲಿ ಡೋಲು ಇಟ್ಟುಕೊಂಡು ಬಂದಿದ್ದೇನೆ. ಡ್ರೈವರು ಯಾರು, ಊರು ಯಾವುದು ಅಂತ ಕೇಳಿದವಳಲ್ಲ. ಡ್ರಾಪ್ ಅಂದ ಮೇಲೆ ಮುಗಿಯಿತು, ಅದರಲ್ಲಿ ಒಂದು ನಂಬಿಕೆ ಇತ್ತು.

ಈ ಪದ ಬರುವ ಮೊದಲು ನಮ್ಮ ಮನೆಯಲ್ಲಿ ಏನನ್ನುತ್ತಿದ್ದರು ಅಂತ ಯೋಚಿಸುತ್ತೇನೆ. ‘ಬುಟ್ಟು ಬತ್ತೀನಿ’ ಅನ್ನುತ್ತಿದ್ದರು. ಆದರೆ ಮದುವೆಯಾದ ಹೆಣ್ಣುಮಗಳು ತವರಿನಿಂದ ಹೊರಟಾಗ ಆ ಮಾತು ಆಡಿದರೆ ನಮ್ಮವ್ವ ಸಿಡಿದು ಬೀಳುತ್ತಿದ್ದಳು. “ಬುಟ್ಬುಡಕೆ ಅದೇನ್ ಕರಾನ? ಕಳುಸ್ಬುಟ್ಟು ಬತ್ತೀನಿ ಅನ್ನು,” ಅಂತ ಅಣ್ಣಯ್ಯನನ್ನು ಬಾಗಿಲಲ್ಲೇ ನಿಲ್ಲಿಸಿ ತಿದ್ದುತ್ತಿದ್ದಳು. ಅಣ್ಣಯ್ಯನ ಕೈಗೆ ಮೊಪೆಡ್ ಬಂದ ವರ್ಷ ಈ ಜಗಳ ತಾನಾಗಿ ನಿಂತಿತು. “ಸಾವೀನ ಸ್ಟಾಪ್‌ಗಂಟ ಡ್ರಾಪ್ ಮಾಡ್ತೀನಿ ಕಣವ್ವ,” ಅಂದ. ಸಾವಿ ಅಂದರೆ ನಾನೇ. ಅವ್ವ ಆ ಪದವನ್ನು ಒಂದು ಗಳಿಗೆ ಬಾಯಲ್ಲಿಟ್ಟುಕೊಂಡು ನೋಡಿದಳು. ಅದರಲ್ಲಿ ತಪ್ಪು ಹುಡುಕಲು ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. “ಮಾಡು ಮತ್ತೆ,” ಅಂದಳು.

ನನ್ನ ತವರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿ, ಹೊಗೆಸೊಪ್ಪಿನ ಸೀಮೆ. ಕೊಟ್ಟದ್ದು ಕೆ.ಆರ್. ನಗರದಾಚೆ ಭೇರ್ಯದ ಹತ್ತಿರಕ್ಕೆ, ನಾಲೆ ನೀರಿನ ಗದ್ದೆಬಯಲಿಗೆ. ನಡುವೆ ಬಸ್ಸು ಬದಲಾಯಿಸಿ ಬದಲಾಯಿಸಿ ಸಾಕಾಗುತ್ತಿತ್ತು. ಅಣ್ಣಯ್ಯ ಅಂದರೆ ನನಗಿಂತ ಆರೇಳು ವರ್ಷ ದೊಡ್ಡವನು, ಹೆಸರು ಚಿಕ್ಕೇಗೌಡ, ಮಾತು ಜಾಸ್ತಿ. ನಾನು ಹೊರಡುವ ದಿನ ಅವನದೇ ಒಂದು ಶಿಸ್ತು. ಬೆಳಿಗ್ಗೆಯೇ ಮೊಪೆಡ್ಡನ್ನು ಕೊಟ್ಟಿಗೆಯಿಂದ ಈಚೆಗೆ ತಂದು, ಎಮ್ಮೆ ತೊಳೆಯುವ ಬ್ರಷ್ಷಿನಲ್ಲೇ ಅದನ್ನೂ ಉಜ್ಜುತ್ತಿದ್ದ. ರಾಗಿಹಿಟ್ಟಿನ ಚೀಲ ಕಾಲಿನ ಹತ್ತಿರ, ಅವರೆಕಾಯಿ ಹ್ಯಾಂಡಲಿಗೆ, ನಾನು ಹಿಂದೆ. ಎಲ್ಲಕ್ಕಿಂತ ಕೊನೆಗೆ ಹತ್ತಬೇಕಾದವಳು ನಾನೇ, ಮಿಕ್ಕದ್ದು ಬೀಳಬಾರದಲ್ಲ.

ಹೋಗುವಾಗ ಅವನು ಮಾತಾಡುತ್ತಿದ್ದದ್ದು ಅರ್ಧ ಗಾಳಿಗೆ ಹೋಗುತ್ತಿತ್ತು. ನಾನು ಸುಮ್ಮನೆ ಹೂಂಗುಟ್ಟುತ್ತಿದ್ದೆ. “ಏನಂದೆ ಏಳು ನೋಡಾನ,” ಅಂತ ಒಮ್ಮೊಮ್ಮೆ ಪರೀಕ್ಷೆ ಮಾಡುತ್ತಿದ್ದ. ಅವನ ಅಂಗಿಯಲ್ಲಿ ಬ್ಯಾರನ್ನಿನ ವಾಸನೆ ಇರುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮನೆಗೆ ನಾವು ಬ್ಯಾರನ್ ಅನ್ನುತ್ತೇವೆ. ಹಸಿ ಎಲೆ ಹಳದಿಗೆ ತಿರುಗುವಾಗ ಅಲ್ಲಿಂದ ಸಿಹಿಯಾದ ಒಂದು ಘಾಟು ಬರುತ್ತದೆ. ಊರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಭತ್ತದ ಸೀಮೆಗೆ ಬಂದ ಮೇಲೆ ನನಗೆ ಗೊತ್ತಾಗತೊಡಗಿತು. ಬಸ್ ಹತ್ತಿದ ಮೇಲೂ ನನ್ನ ಸೆರಗಿನಲ್ಲಿ ಸ್ವಲ್ಪ ಉಳಿದಿರುತ್ತಿತ್ತು, ಮನೆಗೆ ಬಂದು ಸೀರೆ ಒಗೆಯಲು ಒಂದು ದಿನ ತಡ ಮಾಡುತ್ತಿದ್ದೆ.

ಅಣ್ಣಯ್ಯನ ಡ್ರಾಪಿಗೆ ಒಂದು ಗುಣವಿತ್ತು, ಅದು ಹೇಳಿದಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮೂರ ಸ್ಟಾಪಿಗೆ ಅಂತ ಹೊರಟವನು, “ಇಲ್ಲಿ ಬಸ್ಸು ರಷ್ಷು ಕಣಮ್ಮಿ, ಆರನಳ್ಳಿಗೇ ಓಗಾನ,” ಅನ್ನುತ್ತಿದ್ದ. ಹಾರನಹಳ್ಳಿಗೆ ಬಂದರೆ ಅಲ್ಲಿ ಬಿಸಿಲು. ಅಲ್ಲೊಂದು ಸಲ ಬಸ್ ಸಿಕ್ಕಿತು, ಸೀಟೂ ಸಿಕ್ಕಿತು. ಚೀಲ ಮೇಲಿಡಲು ಅಂತ ಹತ್ತಿದವನು ಇಳಿಯಲಿಲ್ಲ. ಯಾವುದೋ ಎಮ್ಮೆ ಮಾರಿದ ಕತೆ ಶುರು ಮಾಡಿದ್ದ, ಅದು ಮುಗಿದಿರಲಿಲ್ಲ. ಕಂಡಕ್ಟರು ರೈಟ್ ಅಂದರೂ ಅವನಿಗೆ ಕೇಳಲಿಲ್ಲ. ಊರು ದಾಟಿದ ಮೇಲೆ ನಾನೇ, “ಅಣ್ಣಯ್ಯ, ಬಸ್ ಓಗ್ತಾ ಐತೆ,” ಅಂದೆ.

“ಓಗ್ಲಿ ಬುಡು. ಉಣ್ಸೂರಲ್ಲಿ ಇಳ್ಕೊತೀನಿ,” ಅಂದ.

ಹುಣಸೂರಿನಲ್ಲಿ ಟೀ ಕುಡಿದೆವು. ಇಷ್ಟು ದೂರ ಬಂದಾಯ್ತಲ್ಲ ಅಂತ ಕೆ.ಆರ್. ನಗರ. ಅಲ್ಲಿಂದ ಇನ್ನೆಷ್ಟು ದೂರ ಅಂತ ಭೇರ್ಯ. ಹೊಸ್ತಿಲಲ್ಲಿ ನಮ್ಮ ಮನೆಯವರು ನೋಡುತ್ತಾರೆ, ಬ್ಯಾರನ್ನಿಗೆ ಸೌದೆ ಹಾಕುವಾಗಿನ ಹಳೇ ಚಪ್ಪಲಿ, ಮಡಚಿ ಕಟ್ಟಿದ ಪಂಚೆಯಲ್ಲಿ ಭಾವಮೈದ ನಿಂತಿದ್ದಾನೆ. ಏನಾಯ್ತೋ ಅಂತ ಅವರ ಮುಖ ಬಿಳಿಚಿಕೊಂಡಿತು. “ಏನಿಲ್ಲ ಭಾವ, ಸಾವೀನ ಡ್ರಾಪ್ ಮಾಡಕೆ ಬಂದೆ,” ಅಂದ ಅಣ್ಣಯ್ಯ. ಮಾರನೆ ದಿನ ಅವನನ್ನು ಬಸ್ ಹತ್ತಿಸಲು ಹೋದ ನಮ್ಮ ಮನೆಯವರು ಮಧ್ಯಾಹ್ನವಾದರೂ ಬರಲಿಲ್ಲ. ಹುಣಸೂರಿನ ತನಕ ಹೋಗಿದ್ದರಂತೆ, ಎಮ್ಮೆಯ ಕತೆ ಇನ್ನೂ ಮುಗಿದಿರಲಿಲ್ಲವಂತೆ.

ಅತ್ತ ಹಾರನಹಳ್ಳಿಯ ಟೀ ಅಂಗಡಿ ಮುಂದೆ ಬಿಟ್ಟಿದ್ದ ಮೊಪೆಡ್ಡು ಸುಮ್ಮನೆ ನಿಂತಿರಲಿಲ್ಲ. ಅಂಗಡಿಯವನು ಅದರಲ್ಲಿ ಕಂಡಕಂಡವರಿಗೆಲ್ಲ ಡ್ರಾಪ್ ಕೊಟ್ಟು ಪೆಟ್ರೋಲ್ ಮುಗಿಸಿ ಇಟ್ಟಿದ್ದ. ಒಬ್ಬಳೇ ಬ್ಯಾರನ್ನಿನ ಬೆಂಕಿ ನೋಡಿಕೊಂಡ ಅತ್ತಿಗೆ ಗಂಡನ ಜೊತೆ ಮಾತು ಬಿಟ್ಟಳು. ನನ್ನ ಜೊತೆಯೂ ಬಿಟ್ಟಳು. “ನಿಮ್ಮಣ್ಣನ್ ಕೈಲಿ ಡ್ರಾಪ್ ಮಾಡುಸ್ಕೊಳೋ ಬದ್ಲು ನೀನ್ ಇಲ್ಲೇ ಇದ್ಬುಡು ತಾಯಿ,” ಅಂತ ಮುಂದಿನ ಹಬ್ಬದಲ್ಲಿ ಕೈ ಮುಗಿದಳು. ಆಗ ನಕ್ಕೆವು. ಇದ್ದುಬಿಡಬಹುದಿತ್ತು ಅಂತ ಈಗ ಅನ್ನಿಸುತ್ತದೆ, ಆದರೆ ಹಾಗೆಲ್ಲ ಆಗುತ್ತದೆಯೇ, ನೀವೇ ಹೇಳಿ.

ಅವ್ವ ಹೋದಳು. ನನ್ನ ಮಕ್ಕಳು ದೊಡ್ಡವರಾದರು. ತವರಿಗೆ ಹೋಗುವುದು ಹಬ್ಬಕ್ಕೊಮ್ಮೆ, ಹರಿದಿನಕ್ಕೊಮ್ಮೆ ಆಯಿತು. ಆದರೂ ಹೊರಡುವಾಗ ಮೊಪೆಡ್ಡಿನ ಸದ್ದು ತಪ್ಪಿರಲಿಲ್ಲ. ಆಮೇಲೆ ಅಣ್ಣಯ್ಯನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮೊದಲು ಒಂದು ಕಣ್ಣು ಮಬ್ಬಾಯಿತು, ಆಮೇಲೆ ಇನ್ನೊಂದೂ. ಮೈಸೂರಿನ ಡಾಕ್ಟರು, ಇನ್ನು ಇರುವುದನ್ನು ಉಳಿಸಿಕೊಳ್ಳಬಹುದು ಅಷ್ಟೇ, ಗಾಡಿಯಂತೂ ಮುಟ್ಟಲೇಬೇಡಿ ಅಂದರು. ಅವನು ಮುಟ್ಟಿದ, ಬೇಲಿಗೆ ನುಗ್ಗಿದ. ಅತ್ತಿಗೆ ಮೊಪೆಡ್ಡನ್ನು ಮಾರಿಬಿಟ್ಟಳು. ಅವಳನ್ನೂ ದೂರುವ ಹಾಗಿಲ್ಲ.

ನಾನು ಸ್ಕೂಟರ್ ಕಲಿತದ್ದು ಅದಾದ ಮೇಲೆ. ಐವತ್ತು ದಾಟಿದವಳು ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಯುವುದನ್ನು ನೋಡಲು ಮಕ್ಕಳು ರಜೆಯಲ್ಲೂ ಬರುತ್ತಿದ್ದರು. ಮೊದಲ ದಿನವೇ ಧ್ವಜದ ಕಟ್ಟೆಗೆ ಗುದ್ದಿದೆ. ಆದರೂ ಬಿಡಲಿಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಒಂದು ಚಿತ್ರವಿತ್ತು. ನಾನೇ ಗಾಡಿ ಓಡಿಸಿಕೊಂಡು ತವರಿಗೆ ಹೋಗಬೇಕು, ಅಣ್ಣಯ್ಯ ಬೆರಗಾಗಬೇಕು. ಹೋದೆ. ಬೆರಗೂ ಆದ. ಗಾಡಿಯ ಮೈಯೆಲ್ಲ ಕೈಯಾಡಿಸಿ ಕನ್ನಡಿ, ಸೀಟು, ಚಕ್ರ ಮುಟ್ಟಿ ನೋಡಿ, “ವಸಾದು ಕಣ್ಲಾ ಇದು, ಲಕ್ಷಣವಾಗೈತೆ,” ಅಂತ ಪಕ್ಕದಲ್ಲಿದ್ದ ಮಗನಿಗೆ ಹೇಳಿದ. ಊಟ ಮಾಡಿದೆವು, ಮಾತಾಡಿದೆವು. ಅತ್ತಿಗೆ ಮಡಿಲು ತುಂಬಿದಳು. ಹೊರಡೋಣ ಅಂತ ಈಚೆಗೆ ಬಂದರೆ ಅಣ್ಣಯ್ಯ ಇಲ್ಲ.

“ಈಗ ಇಲ್ಲೇ ಇದ್ರು,” ಅಂದಳು ಅತ್ತಿಗೆ. ಕಾದೆ, ಕೂಗಿದೆ, ಬರಲಿಲ್ಲ. ಬೆಳಕಿರುವಾಗಲೇ ಊರು ಸೇರಬೇಕಿತ್ತು, ಹೊರಟುಬಂದೆ. ಮುಂದಿನ ಸಲ ಹೋದಾಗಲೂ ಹಾಗೇ ಆಯಿತು. ಆಗ ಅತ್ತಿಗೆಯೇ ಬಾಯಿಬಿಟ್ಟಳು. “ನೀನ್ ವೊಂಟೆ ಅಂದ್ರೆ ಸಾಕು, ಬ್ಯಾರನ್ ಇಂದ್ಕೋಗಿ ಕೂತ್ಕೊತಾರೆ. ಕರುದ್ರೆ ಬರಕಿಲ್ಲ. ನಾನ್ ಬಂದು ಅಲ್ಲೇನ್ ಮಾಡ್ಲಿ, ಕೈ ಬೀಸ್ಕೊಂಡು ನಿಂತ್ಕಳನಾ ಅಂತಾರೆ.”

ಸ್ಕೂಟರ್ ಕಲಿತ ಖುಷಿಯೆಲ್ಲ ಅಲ್ಲಿಗೆ ಇಳಿದುಹೋಯಿತು. ಭೇರ್ಯದವರೆಗೂ ಅಳುತ್ತಲೇ ಗಾಡಿ ಓಡಿಸಿದೆ, ಹೆಲ್ಮೆಟ್ಟಿನೊಳಗೆ ಕಣ್ಣು ಒರೆಸಿಕೊಳ್ಳುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ನನಗೆ ಗಾಡಿ ಬೇಕಿರಲಿಲ್ಲ. ಅವನು ಒಬ್ಬ ಬಾಗಿಲಿಗೆ ಬಂದರೆ ಸಾಕಿತ್ತು. ತವರಿನಿಂದ ಹೊರಡುವವಳ ಹಿಂದೆ ಒಬ್ಬರು ಬರಬೇಕು, ಅಷ್ಟೇ. ಯಾರೂ ಬರದೆ ಹೊರಟರೆ ಹೋಗಿದ್ದದ್ದೇ ಸುಳ್ಳು ಅನ್ನಿಸುತ್ತದೆ. ಇನ್ನು ಮೇಲೆ ಹೀಗೆಯೇ ಆದರೆ ನಾನು ಹೋಗುವುದನ್ನೇ ಕಡಿಮೆ ಮಾಡುತ್ತೇನೆ, ನನ್ನನ್ನು ನಾನು ಬಲ್ಲೆ. ಆಮೇಲೆ ಫೋನಿನಲ್ಲಿ ಚೆನ್ನಾಗಿದ್ದೀಯಾ ಅಂತ ಕೇಳಿಕೊಂಡು ಇರಬೇಕಾಗುತ್ತದೆ.

ಅಜ್ಜಿಗೆ ಡ್ರಾಪ್ ಕೊಟ್ಟ ಮುಂದಿನ ಭಾನುವಾರ ತವರಿಗೆ ಹೋದೆ. ಶುಭಕಾರ್ಯ ಏನೂ ಇರಲಿಲ್ಲ. ಅತ್ತಿಗೆ ಬಸ್ಸಾರು ಮುದ್ದೆ ಮಾಡಿದಳು. ಮಗ, ಸೊಸೆ ಹೊಲಕ್ಕೆ ಹೋಗಿದ್ದರು. ಅಣ್ಣಯ್ಯ ಜಗಲಿಯ ಮೇಲೆ ಕೂತು ನನ್ನ ಶಾಲೆಯ ವಿಷಯವೆಲ್ಲ ಕೇಳಿದ. ಬಿಸಿಲು ಇಳಿಯುತ್ತಿದ್ದ ಹಾಗೆ ನಾನು ಬ್ಯಾಗು ತೆಗೆದುಕೊಂಡೆ. ಕುಂಕುಮ ಇಡಿಸಿಕೊಂಡು ಬರುವಷ್ಟರಲ್ಲಿ ಜಗಲಿ ಖಾಲಿ.

ಈ ಸಲ ನಾನು ಗಾಡಿಯ ಹತ್ತಿರ ಹೋಗಲಿಲ್ಲ. ಬ್ಯಾರನ್ನಿನ ಗೋಡೆಯ ಈಚೆ ನಿಂತುಕೊಂಡು, ಅತ್ತಿಗೆಗೆ ಹೇಳುವವಳ ಹಾಗೆ ಜೋರಾಗಿಯೇ ಅಂದೆ. “ಹೆಣ್ಮಗಳು ಹೊರಟು ನಿಂತವಳೆ, ಸ್ಟಾಪ್‌ಗಂಟ ಒಂದ್ ಡ್ರಾಪ್ ಮಾಡೋರು ಈ ಮನೇಲಿ ಯಾರೂ ಇಲ್ವಾ ಅತ್ತಿಗೆ?”

ಅತ್ತಿಗೆ ನನ್ನ ಮುಖ ನೋಡಿದಳು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ದನಿ ಬಂತು. “ನಿನ್ ತಾವ ಗಾಡಿ ಐತಲ್ಲ.”

“ಗಾಡಿ ಐತೆ. ಡ್ರಾಪ್ ಮಾಡೋರಿಲ್ಲ.”

“ನಂಗೆ ಕಣ್ ಕಾಣಕಿಲ್ಲ ಕಣೆ ಸಾವಿ.”

“ನಂಗೆ ಕಾಣ್ತದಲ್ಲ. ನೀನ್ ಬಾ.”

ಆಮೇಲೆ ಸೌದೆ ಸರಿದ ಸದ್ದಾಯಿತು, ಅಣ್ಣಯ್ಯ ಗೋಡೆ ಹಿಡಿದುಕೊಂಡು ಈಚೆಗೆ ಬಂದ. ಪಂಚೆ ಕೊಡವಿ ಸರಿಯಾಗಿ ಉಟ್ಟುಕೊಂಡ. ಟವೆಲ್ಲು ಎಲ್ಲಿ ಅಂತ ಅತ್ತಿಗೆಯನ್ನು ಕೇಳಿ, ಹೆಗಲಿಗೆ ಹಾಕಿಕೊಂಡ. ನಾನು ಗಾಡಿಯ ಸ್ಟ್ಯಾಂಡ್ ತೆಗೆದು, ಸ್ಟಾರ್ಟ್ ಮಾಡದೆ ತಳ್ಳತೊಡಗಿದೆ. ಅವನು ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡ.

“ಸ್ಟಾರ್ಟ್ ಮಾಡ್ಕೊಂಡು ಓಗಕೆ ಏನ್ ರೋಗ ನಿಂಗೆ?” ಅಂದ.

“ಡ್ರಾಪ್ ಮಾಡ್ತಾ ಇರೋನು ನೀನು. ನಾನ್ಯಾಕ್ ಸ್ಟಾರ್ಟ್ ಮಾಡ್ಲಿ?”

ಅವನು ನಗಲಿಲ್ಲ, ಆದರೆ ಕಂಬಿಯನ್ನು ಒಂದಿಷ್ಟು ಬಲವಾಗಿ ತಳ್ಳಿದ. ಗಾಡಿ ಹಗುರಾಯಿತು. ನಮ್ಮ ಮನೆಯಿಂದ ಸ್ಟಾಪು ಹೆಚ್ಚು ದೂರವಿಲ್ಲ, ಆದರೆ ದಾರಿ ಏರು. ನನಗೆ ಏದುಸಿರು, ಅವನಿಗೆ ಮಾತು. ಈ ಸಲ ಎಲೆಗೆ ಬಣ್ಣ ಚೆನ್ನಾಗಿ ಬಂದಿದೆಯಂತೆ, ಮುಟ್ಟಿದರೇ ಗೊತ್ತಾಗುತ್ತದಂತೆ. ನಡುವೆ ನಿಂತು, “ನೀಲಿ ಸೀರೇನಾ ಉಟ್ಟಿರದು?” ಅಂತ ಕೇಳಿದ.

“ಹಸಿರು.”

“ಅಸ್ರೇ ಅಂದ್ಕಂಡೆ,” ಅಂದ. ಮತ್ತೆ ತಳ್ಳಿದ.

ಸ್ಟಾಪಿಗೆ ಬಂದು ನಿಂತೆವು. ಅದೇ ಹೊತ್ತಿಗೆ ಬಸ್ಸೂ ಬಂತು, ನಮ್ಮಿಬ್ಬರನ್ನು ನೋಡಿ ನಿಂತಿತು. ಅಣ್ಣಯ್ಯ ಸದ್ದಿನ ಕಡೆಗೆ ಕೈ ಬೀಸಿ, “ಓಗ್ರಿ ಓಗ್ರಿ, ನಮ್ ತಂಗಿ ತಾವ ಗಾಡಿ ಐತೆ,” ಅಂದ. ಕಂಡಕ್ಟರು ಏನೋ ಗೊಣಗಿಕೊಂಡು ಹೋದ. ಇಬ್ಬರೂ ನಕ್ಕೆವು. ಅವನ ಅಂಗಿಯ ವಾಸನೆ ಬರುತ್ತಿತ್ತು.

“ಉಸಾರು ಕಣಮ್ಮಿ. ಕತ್ಲಾಗದ್ರೊಳಗೆ ಸೇರ್ಕೊ,” ಅಂದ.

“ನೀನು ಮನೆಗೆ ಹೆಂಗೆ ಹೋಗ್ತೀಯ? ಬಾ, ಬಿಟ್ಟು ಬರ್ತೀನಿ.”

“ಉಟ್ಟಿದೂರು ಕಣೆ ಇದು. ಓಗು ನೀನು.”

ಸ್ಟಾರ್ಟ್ ಮಾಡಿ ಹೊರಟೆ. ರಸ್ತೆ ತಿರುಗುವಲ್ಲಿ ಲಂಟಾನದ ಬೇಲಿ ಇದೆ. ಅಲ್ಲಿ ಗಾಡಿ ಆಫ್ ಮಾಡಿ ಇಳಿದು ನೋಡಿದೆ. ಅಣ್ಣಯ್ಯ ಇನ್ನೂ ಅಲ್ಲೇ ನಿಂತು ನನ್ನ ಗಾಡಿಯ ಸದ್ದಿಗೆ ಕಿವಿ ಕೊಟ್ಟಿದ್ದ. ಸದ್ದು ಇನ್ನು ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ ತಿರುಗಿ ನಡೆದ. ಒಂದು ಕೈ ಬೇಲಿಯ ಕಡೆಗೆ ಚಾಚಿಕೊಂಡಿದ್ದ, ಕಾಲಿನಿಂದ ರಸ್ತೆಯ ಅಂಚು ಸವರಿ ನೋಡಿಕೊಳ್ಳುತ್ತಿದ್ದ. ಓಡಿಹೋಗಿ ಕೈ ಹಿಡಿಯಬೇಕು ಅನ್ನಿಸಿತು. ಹಿಡಿದರೆ ಅವನು ಮತ್ತೆ ಬಾಗಿಲಿಗೆ ಬರುವುದಿಲ್ಲ ಅಂತಲೂ ಅನ್ನಿಸಿತು. ನಿಂತೇ ಇದ್ದೆ.

ಡೈರಿಗೆ ಹಾಲು ಹಾಕಿ ಬರುತ್ತಿದ್ದ ನಮ್ಮೂರವನೊಬ್ಬ ಬೈಕಿನಲ್ಲಿ ಬಂದು ಅವನ ಪಕ್ಕ ನಿಲ್ಲಿಸಿದ. ಖಾಲಿ ಕ್ಯಾನು ಗಡಗಡ ಅಂದಿತು. “ಇದೇನ್ ಗೌಡ್ರೆ, ಒಬ್ರೇ ಇಷ್ಟ್ ದೂರ? ಗಾಡಿ ಅತ್ತಿ, ಮನೆಗಂಟ ಡ್ರಾಪ್ ಕೊಡ್ತೀನಿ.”

ಅಣ್ಣಯ್ಯ ನಿಂತ. ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. ಅವನ ದನಿ ನನ್ನವರೆಗೂ ಚೆನ್ನಾಗಿ ಕೇಳಿಸಿತು.

“ಬ್ಯಾಡ ಕಣ್ಲಾ, ನೀನ್ ಓಗು. ನಾನೇ ತಂಗೀನ ಡ್ರಾಪ್ ಮಾಡ್ಬುಟ್ಟು ಬತ್ತಾ ಇವ್ನಿ.”